ತೂತು ಕೂಡಿದರೆ ಸಾಲದು

ಹಳೆಯ ವಾಟರ್ ಬ್ಲಾಕ್ (ನೀರು ಹರಿಸಿ ಪ್ರೊಸೆಸರ್ ತಣಿಸುವ ತಾಮ್ರದ ತುಂಡು) ಹೊಸ ಪ್ರೊಸೆಸರ್ ಸಾಕೆಟ್‌ಗೆ ಹೊಂದುತ್ತದೆಯೇ ಎಂದು ಕೇಳಿದರೆ ಕಂಪ್ಯೂಟರ್ ಜೋಡಿಸುವವರ ಬಳಿ ಒಂದು ಸಿದ್ಧ ಉತ್ತರವಿದೆ: ಮದರ್‌ಬೋರ್ಡಿನ ನಾಲ್ಕು ತೂತುಗಳ ಅಂತರ ಅಳೆಯಿರಿ, ಬ್ರ್ಯಾಕೆಟ್ಟಿಗೆ ಕೂಡಿಬಂದರೆ ಬಿಗಿಯಿರಿ. ಈ ಪರೀಕ್ಷೆಗೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು. ಬ್ಲಾಕ್ ಕೂರುತ್ತದೆಯೇ ಎಂಬುದನ್ನಷ್ಟೇ ಅದು ಹೇಳಬಲ್ಲದು. ಶಾಖ ದಾಟುತ್ತದೆಯೇ ಎಂಬುದು ಅದರ ಕೈಗೆ ಸಿಗುವ ಸಂಗತಿಯಲ್ಲ.

ನಂಬಿಕೆ ಬೇರೂರಿದ್ದಕ್ಕೆ ಕಾರಣವಿದೆ. 2009ರ ಎಲ್‌ಜಿಎ 1156ರಿಂದ 2020ರ ಎಲ್‌ಜಿಎ 1200ರವರೆಗೆ ಇಂಟೆಲ್ ತನ್ನ ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ 75 ಮಿ.ಮೀ. ಚೌಕವನ್ನು ಬದಲಿಸಲೇ ಇಲ್ಲ. ಸಾಕೆಟ್ಟಿನ ಹೆಸರು ಬದಲಾದರೂ ಬ್ಲಾಕ್ ಹಾಗೇ ನಡೆಯಿತು. ತೂತು ನೋಡಿದರೆ ಎಲ್ಲವನ್ನೂ ನೋಡಿದಂತೆ ಎಂಬ ಅಭ್ಯಾಸ ಬೆಳೆದದ್ದು ಆ ವರ್ಷಗಳಲ್ಲಿ. 2021ರ ನವೆಂಬರಿನಲ್ಲಿ ಎಲ್‌ಜಿಎ 1700 ಬಂದು ಅಂತರ 78 ಮಿ.ಮೀ. ಆಯಿತು. ಎಲ್ಲರೂ ಆ ಮೂರು ಮಿ.ಮೀ. ಹಿಂದೆ ಬಿದ್ದರು. ಉದ್ದ ಸೀಳಿನ ಬ್ರ್ಯಾಕೆಟ್ಟುಗಳು ಬಂದವು. ಏಸುಸ್ ತನ್ನ ಕೆಲವು ಬೋರ್ಡುಗಳಲ್ಲಿ ಹಳೆಯ ಹೊಸ ಎರಡೂ ಅಳತೆಯ ತೂತು ಕೊಟ್ಟಿತು. ಸಮಸ್ಯೆ ಮುಗಿಯಿತೆಂದು ತೀರ್ಮಾನವಾಯಿತು.

ಮುಗಿಯದಿದ್ದದ್ದು ಎತ್ತರದ ಲೆಕ್ಕ. ಎಲ್‌ಜಿಎ 1200ರಲ್ಲಿ ಬೋರ್ಡಿನಿಂದ ಪ್ರೊಸೆಸರ್ ಮುಚ್ಚಳದ ನೆತ್ತಿಗೆ ಸುಮಾರು 7.3ರಿಂದ 8.2 ಮಿ.ಮೀ. ಇರುತ್ತದೆ, ಎಲ್‌ಜಿಎ 1700ರಲ್ಲಿ 6.5ರಿಂದ 7.5. ಅಂದರೆ ಮುಚ್ಚಳ ಮುಕ್ಕಾಲು ಮಿ.ಮೀ.ನಷ್ಟು ಕೆಳಗಿಳಿದಿದೆ. ಬ್ಲಾಕನ್ನು ಹಿಡಿದಿಡುವ ಸ್ಪ್ರಿಂಗ್ ಸ್ಕ್ರೂವನ್ನು ಹತ್ತಿರದಿಂದ ನೋಡಿ. ಸ್ಕ್ರೂ ತನ್ನ ಮೆಟ್ಟಿಲು ಮುಟ್ಟಿದ ಮೇಲೆ ತಿರುಗುವುದಿಲ್ಲ. ಕೈಗೆ ಬಿಗಿ ಸಿಗುತ್ತದೆ, ಜೋಡಿಸುವವನಿಗೆ ಸಮಾಧಾನವಾಗುತ್ತದೆ. ಆದರೆ ಆ ಬಿಗಿ ಇರುವುದು ಸ್ಕ್ರೂವಿಗೂ ಅದು ಕೂರುವ ಬೋರ್ಡಿನ ಕಂಬಕ್ಕೂ ನಡುವೆ. ಮುಚ್ಚಳದ ಮೇಲೆ ಬೀಳುವ ಒತ್ತಡವನ್ನು ತೀರ್ಮಾನಿಸುವುದು ಸ್ಪ್ರಿಂಗ್ ಎಷ್ಟು ಕುಗ್ಗಿದೆ ಎಂಬುದೊಂದೇ. ಮೂರು ಮಿ.ಮೀ. ಕುಗ್ಗಬೇಕಾದ ಸ್ಪ್ರಿಂಗ್ ಹಳೆಯ ಕಂಬದ ಮೇಲೆ ಎರಡೂಕಾಲಕ್ಕೇ ನಿಂತರೆ ಕಾಲುಭಾಗ ಒತ್ತಡ ಹೋಯಿತು. ಒಂದೂವರೆ ಮಿ.ಮೀ. ಕುಗ್ಗುವಂತೆ ಮಾಡಿದ್ದರೆ ಅರ್ಧವೇ ಹೋಯಿತು. ಸ್ಪ್ರಿಂಗೇ ಇಲ್ಲದೆ ನೇರವಾಗಿ ಕಂಬಕ್ಕೆ ಬಿಗಿಯುವ ಬ್ಲಾಕ್ ಆದರೆ ನಡುವೆ ಸಂದು ಉಳಿಯುತ್ತದೆ, ಅದನ್ನು ಥರ್ಮಲ್ ಪೇಸ್ಟ್ ತುಂಬುತ್ತದೆ.

ಪೇಸ್ಟಿನ ಶಕ್ತಿ ಎಷ್ಟೆಂದು ಲೆಕ್ಕ ಹಾಕೋಣ. ತಾಮ್ರದ ಶಾಖವಾಹಕತೆ ಪ್ರತಿ ಮೀಟರ್-ಕೆಲ್ವಿನ್‌ಗೆ ಸುಮಾರು 400 ವಾಟ್. ಪೇಸ್ಟಿನದು 5 ಎಂದಿಟ್ಟುಕೊಳ್ಳಿ. ಎಲ್‌ಜಿಎ 1700ರ ಪ್ರೊಸೆಸರ್ ಕೋರ್ ಐ9-12900ಕೆ ಪೂರ್ತಿ ದುಡಿದಾಗ 241 ವಾಟ್ ಎಳೆಯುತ್ತದೆ. ಹತ್ತು ಚದರ ಸೆಂ.ಮೀ. ಮೇಲ್ಮೈಯಲ್ಲಿ ಶಾಖ ಸಮನಾಗಿ ಹರಡಿದೆ ಎಂದು ಉದಾರವಾಗಿ ಒಪ್ಪಿದರೂ, ಪೇಸ್ಟ್ 0.1 ಮಿ.ಮೀ. ದಪ್ಪವಿದ್ದರೆ ಆ ಪದರ ಒಂದೇ ಸುಮಾರು 5 ಡಿಗ್ರಿ ತಿನ್ನುತ್ತದೆ, ಅರ್ಧ ಮಿ.ಮೀ. ಇದ್ದರೆ 24 ಡಿಗ್ರಿ. ನಿಜದಲ್ಲಿ ಶಾಖ ಹೊಮ್ಮುವುದು ಮುಚ್ಚಳದ ಕೆಳಗಿನ ಚಿಕ್ಕ ಸಿಲಿಕಾನ್ ಚೂರಿನಿಂದ. ಆದ್ದರಿಂದ ನಷ್ಟ ಇನ್ನೂ ಹೆಚ್ಚು. ತೂತು ಅಳೆಯುವ ಪದ್ಧತಿಯಲ್ಲಿ ಈ ಲೆಕ್ಕಕ್ಕೆ ಜಾಗವೇ ಇಲ್ಲ.

ಇಲ್ಲಿ ಕೆಲವು ವಿಮರ್ಶಕರ ಜತೆ ನನ್ನ ಜಗಳವಿದೆ. ಹಳೆಯ ಬ್ರ್ಯಾಕೆಟ್ಟಿನಲ್ಲೇ ಕೂರಿಸಿ ನೋಡಿದೆವು, ಕೆಲವೇ ಡಿಗ್ರಿ ವ್ಯತ್ಯಾಸ, ಗಾಬರಿ ಬೇಡ ಎನ್ನುತ್ತಾರೆ ಅವರು. ಒಂದು ಬ್ಲಾಕ್, ಒಂದು ಬೋರ್ಡ್ ಹಿಡಿದು ನೋಡಿದ್ದನ್ನು ಎಲ್ಲಕ್ಕೂ ಹೊದಿಸುವುದು ಮೊದಲ ತಪ್ಪು. ಎತ್ತರದಲ್ಲಿ ತಯಾರಿಕೆಯ ಏರುಪೇರೇ ಒಂದು ಮಿ.ಮೀ. ಹತ್ತಿರ ಇರುವಾಗ, ಒಬ್ಬರ ಬೋರ್ಡಿನ ಅದೃಷ್ಟ ಇನ್ನೊಬ್ಬರಿಗೆ ಭರವಸೆ ಆಗಲಾರದು. ಎರಡನೆಯ ತಪ್ಪು ದೊಡ್ಡದು. 12ನೇ ಪೀಳಿಗೆಯ ಈ ಐ9 ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತಲೇ ತಾನೇ ವೇಗ ಇಳಿಸುತ್ತದೆ. ಆಮೇಲೆ ಒಳ್ಳೆಯ ಜೋಡಣೆ, ಕೆಟ್ಟ ಜೋಡಣೆ ಎರಡರ ಉಷ್ಣಾಂಶವೂ ಪರದೆಯ ಮೇಲೆ ಒಂದೇ ಆಗಿ ಕಾಣಬಹುದು; ನಷ್ಟ ಗಿಗಾಹರ್ಟ್ಸ್‌ನಲ್ಲಿ ಅಡಗಿರುತ್ತದೆ. ವೇಗ, ವಾಟ್ ಹೇಳದೆ ಬರೀ ಡಿಗ್ರಿ ಕೊಡುವ ವಿಮರ್ಶೆ ಅರ್ಧ ವಿಮರ್ಶೆ. ಮೂರನೆಯದು ಕೋಣೆ. ರೇಡಿಯೇಟರಿನ ನೀರು ಕೋಣೆಯ ಗಾಳಿಗಿಂತ ತಣ್ಣಗಾಗದು. ಹವಾನಿಯಂತ್ರಿತ ಕೋಣೆಯಲ್ಲಿ ‘ಕೆಲವೇ ಡಿಗ್ರಿ’ ಎನಿಸಿದ್ದು ಹೊರಗೆ 42 ಡಿಗ್ರಿ ಇರುವ ಕಲಬುರಗಿಯ ಮೇ ತಿಂಗಳಲ್ಲಿ ಉಳಿದಿದ್ದ ಅಂಚನ್ನೆಲ್ಲ ನುಂಗಿಬಿಡುತ್ತದೆ.

ಎತ್ತರ ಕಾಯ್ದುಕೊಂಡ ಉದಾಹರಣೆಯೂ ಇದೆ. 2022ರ ಎಎಂ5 ಸಾಕೆಟ್ಟಿನಲ್ಲಿ ಎಎಂಡಿ ಹಳೆಯ ಎಎಂ4ರ 54×90 ಮಿ.ಮೀ. ಅಂತರವನ್ನೂ ಎತ್ತರವನ್ನೂ ಉಳಿಸಿಕೊಂಡಿತು. ಅದು ಗ್ರಾಹಕರ ಮೇಲಿನ ಗೌರವ, ಒಪ್ಪಬೇಕು. ಅದಕ್ಕೆ ತೆತ್ತ ಬೆಲೆ ದಪ್ಪಗಾದ ಮುಚ್ಚಳ, ಶಾಖಕ್ಕೆ ಇನ್ನೊಂದು ಅಡ್ಡಿ. ಅಲ್ಲೂ ತೂತಿನ ಪರೀಕ್ಷೆ ಕೈಕೊಡುತ್ತದೆ: ಬೋರ್ಡಿನ ಹಿಂಬದಿಯಲ್ಲಿರುವ ಎಎಂ5ರ ಬ್ಯಾಕ್‌ಪ್ಲೇಟ್ ಸಾಕೆಟ್ಟನ್ನೇ ಹಿಡಿದಿರುವುದರಿಂದ ಬಿಚ್ಚಿ ತೆಗೆಯುವಂತಿಲ್ಲ. ಸ್ವಂತ ಬ್ಯಾಕ್‌ಪ್ಲೇಟ್ ಬೇಡುವ ಬ್ಲಾಕ್, ನಾಲ್ಕೂ ತೂತು ಕೂಡಿದರೂ, ಬೇರೆ ಕಿಟ್ ಇಲ್ಲದೆ ಹೊರಗೇ ಉಳಿಯುತ್ತದೆ. ಎಎಂಡಿಯ 2017ರ ಥ್ರೆಡ್‌ರಿಪ್ಪರ್ ಪ್ರೊಸೆಸರ್ ಇದಕ್ಕಿಂತ ಕಟುವಾದ ಪಾಠ. ದುಂಡು ಬ್ಲಾಕಿಗೆಂದು ಬ್ರ್ಯಾಕೆಟ್ ಡಬ್ಬಿಯಲ್ಲೇ ಬಂತು, ಬ್ಲಾಕ್ ಸಲೀಸಾಗಿ ಕೂತಿತು. ವಿಶಾಲ ಮುಚ್ಚಳದ ಮೂಲೆಗಳು ತಾಮ್ರದ ಹೊರಗೇ ಉಳಿದವು.

ಹಾಗಾದರೆ ಹಳೆಯ ಬ್ಲಾಕ್ ಎಸೆಯಬೇಕೆ? ಬೇಡ. ತಾಮ್ರ ಹಳತಾಗುವುದಿಲ್ಲ. ಹೊಸ ಸಾಕೆಟ್ಟಿಗೆಂದೇ ಮಾಡಿದ ಕಂಬ, ಸ್ಕ್ರೂಗಳ ಕಿಟ್ ತರಿಸಿ; ಗಾಳಿ ಕೂಲರ್ ತಯಾರಿಸುವ ನಾಕ್ಟುವಾ ಅದನ್ನು ಉಚಿತವಾಗಿ ಕೊಟ್ಟು, ತಯಾರಕರು ಮನಸ್ಸು ಮಾಡಿದರೆ ಇದು ಕಷ್ಟವಲ್ಲವೆಂದು ತೋರಿಸಿದೆ. ಬಿಗಿದ ಮೇಲೆ ಒಮ್ಮೆ ಬಿಚ್ಚಿ ಪೇಸ್ಟಿನ ಗುರುತು ನೋಡಿ: ನಡುವೆ ತೆಳ್ಳಗೆ ಹರಡಿದ್ದರೆ ಸರಿ, ದಪ್ಪವಾಗಿ ನಿಂತಿದ್ದರೆ ಒತ್ತಡ ಸಾಲದು. ತಯಾರಕರು ಹೊಂದಿಕೆಯ ಪಟ್ಟಿಯಲ್ಲಿ ಸಾಕೆಟ್ ಹೆಸರಿನ ಪಕ್ಕ ಹೌದು ಎಂದಷ್ಟೇ ಬರೆದು ಕೈತೊಳೆದುಕೊಳ್ಳಬಾರದು. ಕಂಬದ ಎತ್ತರವನ್ನೂ ಒತ್ತಡವನ್ನೂ ಅಚ್ಚುಹಾಕಬೇಕು. ವಿಮರ್ಶಕರು ಅದನ್ನು ಕೇಳುವವರೆಗೆ ಕೊಳ್ಳುವವನು ದುಡ್ಡು ಕೊಡುತ್ತಿರುವುದು ಬ್ಲಾಕಿಗಲ್ಲ, ಅಂದಾಜಿಗೆ.