ಕಣ್ಣೀರಿಗೊಂದು ಸರ್ಟಿಫಿಕೇಟು

‘ದಿಸ್ ವಾರ್ ಆಫ್ ಮೈನ್’ ಆಡಿದವರೆಲ್ಲ ಯುದ್ಧವಿರೋಧಿಗಳಾಗಿಯೇ ಮೇಲೇಳುತ್ತಾರೆ ಎಂಬ ಮಾತು ಯಾರೂ ಪ್ರಶ್ನಿಸದ ಸತ್ಯವಾಗಿಬಿಟ್ಟಿದೆ. ವಾರ್ಸಾದ 11 ಬಿಟ್ ಸ್ಟುಡಿಯೋಸ್ 2014ರ ನವೆಂಬರಿನಲ್ಲಿ ಹೊರತಂದ, ಮುತ್ತಿಗೆಗೆ ಸಿಕ್ಕ ಊರಿನ ಒಂದು ಮನೆಯ ನಾಗರಿಕರನ್ನು ಬದುಕಿಸಿಕೊಳ್ಳಬೇಕಾದ ಈ ವಿಡಿಯೋ ಗೇಮನ್ನು 2020ರಲ್ಲಿ ಪೋಲೆಂಡ್ ಸರ್ಕಾರವೇ ಶಾಲಾಮಕ್ಕಳ ಐಚ್ಛಿಕ ಓದಿನ ಪಟ್ಟಿಗೆ ಸೇರಿಸಿತು. ಅಂದಿನಿಂದ ಹೊಗಳುವವರ ದನಿಗೆ ಮೇಷ್ಟ್ರ ಗತ್ತು ಬಂದಿದೆ. 2022ರಲ್ಲಿ ಒಂದು ವಾರದ ಗಳಿಕೆಯನ್ನು ಕಂಪನಿ ಉಕ್ರೇನಿನ ರೆಡ್ ಕ್ರಾಸಿಗೆ ಕೊಟ್ಟಿತು, ಒಳ್ಳೆಯ ಕೆಲಸವೇ. ಆದರೆ ಕಂಪನಿಯ ಸಜ್ಜನಿಕೆಯಿಂದ ಕೃತಿಯ ತೂಕ ಹೆಚ್ಚುವುದಿಲ್ಲ.

ಹೊಗಳುವವರೆಲ್ಲ ಸಾಕ್ಷಿಗೆ ಎತ್ತಿಕೊಳ್ಳುವುದು ಒಂದೇ ಪ್ರಸಂಗ. ವೃದ್ಧ ದಂಪತಿಯ ಮನೆಗೆ ರಾತ್ರಿ ನುಗ್ಗಿ, ಅವರ ಊಟ, ಔಷಧಿ ಹೊತ್ತು ತರುವುದು. ಆಮೇಲೆ ಮರುಗುವುದು. ನನಗಂತೂ ಇಡೀ ಆಟದಲ್ಲಿ ಇದಕ್ಕಿಂತ ಸಪ್ಪೆ ಭಾಗ ಇನ್ನೊಂದಿಲ್ಲ. ಎದುರಾಡಲಾಗದ ಮುದುಕ ಅಂಗಲಾಚಿದರೆ ಯಾರ ಮನಸ್ಸೂ ಕಲಕುತ್ತದೆ. ಅಷ್ಟನ್ನು ನಮ್ಮ ಸಂಜೆ ಏಳರ ಧಾರಾವಾಹಿಗಳೂ ಸಾಧಿಸುತ್ತವೆ. ಆಮೇಲೇನಾಗುತ್ತದೆ, ನೋಡಿ. ಕದ್ದವನ ಹೆಸರಿನ ಮುಂದೆ ‘ದುಃಖಿತ’ ಎಂಬ ಗುರುತು ಬೀಳುತ್ತದೆ. ಮನೆಯವರು ಕೂತು ಸಮಾಧಾನ ಹೇಳುತ್ತಾರೆ, ಒಂದಿಷ್ಟು ಹೆಂಡ ಸಿಗುತ್ತದೆ, ಕ್ರಮೇಣ ಆ ಗುರುತು ಅಳಿಯುತ್ತದೆ. ಪಾಪವೂ ದಾಸ್ತಾನು ಪುಸ್ತಕದ ಒಂದು ಬಾಬತ್ತು. ಪಳಗಿದ ಆಟಗಾರ ಮರುಗುವುದಿಲ್ಲ, ಲೆಕ್ಕ ಹಾಕುತ್ತಾನೆ.

ಹಾಗಾದರೆ ನಾನೇಕೆ ಈ ಆಟಕ್ಕೆ ಮತ್ತೆ ಮತ್ತೆ ಮರಳುತ್ತೇನೆ? ಬ್ರೂನೋಗಾಗಿ.

ಆಟದ ಆ ಮನೆಯವರಲ್ಲಿ ಬ್ರೂನೋ ಅಡುಗೆಯವ. ಓಟಕ್ಕೆ ಫುಟ್‌ಬಾಲ್ ಆಟಗಾರ ಪಾವ್ಲೆ ಇದ್ದಾನೆ, ಚೌಕಾಸಿಗೆ ಪತ್ರಕರ್ತೆ ಕಾತ್ಯಾ ಇದ್ದಾಳೆ. ಅಗ್ನಿಶಾಮಕ ಮಾರ್ಕೋ ಚೀಲದಲ್ಲಿ 15 ಖಾನೆ ಸಾಮಾನು ಹೊತ್ತರೆ ಬ್ರೂನೋ ಹೊರುವುದು 10. ಸಿಗರೇಟು ಬೇರೆ ಬೇಕು. ಅವನ ಗುಣ ಒಂದೇ: ಒಲೆಯ ಮುಂದೆ ನಿಂತರೆ ಬೇರೆಯವರಿಗಿಂತ ಕಡಿಮೆ ನೀರು, ಕಡಿಮೆ ಸೌದೆಯಲ್ಲಿ ಅಡುಗೆ ಮುಗಿಸುತ್ತಾನೆ. ಆ ಉಳಿತಾಯದ ಮೇಲೆ ಮನೆ ನಿಂತಿರುತ್ತದೆ. ಚಳಿ ಬಿದ್ದಮೇಲೆ ಪೀಠೋಪಕರಣ ಒಡೆದು ಉರಿಸಬೇಕು. ಅದೂ ಮುಗಿದರೆ ಪುಸ್ತಕ. ಇಲಿಬೋನಿನಲ್ಲಿ ಏನಾದರೂ ಬಿದ್ದಿದೆಯೇ ಎಂದು ನೋಡಬೇಕು. ಒಬ್ಬರಿಗಾಗುವಷ್ಟೇ ಊಟ, ಹಸಿದವರು ಮೂವರು: ಇಂದು ಯಾರಿಗೆ? ಅಳುವುದಕ್ಕೆ ಇಲ್ಲಿ ಪುರುಸೊತ್ತೇ ಇಲ್ಲ. ಈ ಪ್ರಶ್ನೆಯನ್ನು ಆಟ ಯಾವ ಸಂಗೀತವನ್ನೂ ಏರಿಸದೆ, ಯಾರ ಮುಖವನ್ನೂ ಹತ್ತಿರದಿಂದ ತೋರಿಸದೆ ದಿನವೂ ಕೇಳುತ್ತದೆ. ಅದರ ಪ್ರತಿಭೆ ಇರುವುದು ಅಲ್ಲಿ.

ಆಟಗಾರನ ಮನಸ್ಸಾಕ್ಷಿಯನ್ನು ಕೆಣಕುವ ಆಟಗಳ ಪಂಥದಲ್ಲೇ ಎರಡು ದಾರಿಗಳಿವೆ. 2012ರ ‘ಸ್ಪೆಕ್ ಆಪ್ಸ್: ದಿ ಲೈನ್’ ಪಾಪನಿವೇದನೆಯ ದಾರಿ ಹಿಡಿಯಿತು: ನಮ್ಮ ಕೈಯಲ್ಲೇ ಬಿಳಿ ರಂಜಕ ಸುರಿಸಿ, ಸತ್ತ ನಾಗರಿಕರನ್ನು ತೋರಿಸಿ, ನಮ್ಮನ್ನೇ ಬೈಯುತ್ತದೆ. ಮರುವರ್ಷ ಲ್ಯೂಕಸ್ ಪೋಪ್ ಮಾಡಿದ ‘ಪೇಪರ್ಸ್, ಪ್ಲೀಸ್’ ಜಮಾಖರ್ಚಿನ ದಾರಿ ಹಿಡಿಯಿತು. ಗಡಿಠಾಣೆಯ ಗುಮಾಸ್ತನ ದಿನ ಮುಗಿಯುವುದು ಬಾಡಿಗೆ, ಊಟ, ಬೆಚ್ಚಗಿನ ಕೋಣೆ ಇವುಗಳ ಲೆಕ್ಕದಲ್ಲಿ. ಮೊದಲನೆಯದು ಬರೀ ಗದ್ದಲ. ಎರಡನೆಯದರ ಮುಂದೆ ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ವಾರ್ಸಾದವರ ಆಟ ಎರಡೂ ದೋಣಿಯಲ್ಲಿ ಕಾಲಿಟ್ಟಿದೆ. ಪ್ರಶಸ್ತಿಪತ್ರ ಬಂದದ್ದು ತಪ್ಪು ಕಾಲಿಗೆ.

ಒಲೆಯ ಬಗ್ಗೆ ಇಷ್ಟು ತಿಳಿದ ಆಟಕ್ಕೆ ಬೀದಿ ತಿಳಿಯಲಿಲ್ಲ ಎಂಬುದು ನನ್ನ ನಿಜವಾದ ತಕರಾರು. ಅದರ ಮೂಲ ಪ್ರೇರಣೆ 1992ರಿಂದ 1996ರವರೆಗಿನ ಸರಾಯೆವೋ ಮುತ್ತಿಗೆ. ಆ ಊರಿನವರು ನೀರಿಗಾಗಿ ಬಿಯರ್ ಕಾರ್ಖಾನೆಯ ಮುಂದೆ ಸಾಲು ನಿಂತರು. 1992ರ ಮೇ 27ರಂದು ಬ್ರೆಡ್ಡಿನ ಸಾಲಿನ ಮೇಲೆಯೇ ಶೆಲ್ ಬಿತ್ತು. ಆ ಸತ್ತವರಿಗಾಗಿ ವೆದ್ರಾನ್ ಸ್ಮೈಲೋವಿಚ್ ಬೀದಿಯಲ್ಲಿ ಕೂತು ಚೆಲ್ಲೋ ನುಡಿಸಿದ. ‘ಓಸ್ಲೊಬೊಜೆನ್ಯೆ’ ಪತ್ರಿಕೆ ಮುದ್ರಣ ನಿಲ್ಲಿಸಲಿಲ್ಲ. 1993ರಲ್ಲಿ ಸೂಸನ್ ಸೊಂಟಾಗ್ ಅಲ್ಲಿ ಬೆಕೆಟ್ಟನ ಗೋಡೋ ನಾಟಕ ಆಡಿಸಿದರು. ಆಟದ ಪೊಗೊರೆನ್ ನಗರದಲ್ಲಿ ಸಾಲೇ ಇಲ್ಲ. ಬಾಗಿಲು ತಟ್ಟುವ ನೆರೆಯವರುಂಟು, ವಿನಿಮಯಕ್ಕೆ ಬರುವವನುಂಟು, ಊರು ಇಲ್ಲ. ನಾಗರಿಕ ಎಂದರೆ ಒಂಟಿ ಮನೆಯೊಳಗೆ ನಡುಗುವವನು, ಇಲ್ಲವೇ ಕದಿಯುವವನು. ಮುತ್ತಿಗೆಯಲ್ಲೂ ಪತ್ರಿಕೆ ಅಚ್ಚು ಹಾಕುವ ಹಟ ಈ ಕರುಣೆಯ ಚೌಕಟ್ಟಿಗೆ ಒಗ್ಗುವುದಿಲ್ಲ.

ಕೃತಿಯಲ್ಲಿ ಕಣ್ಣೀರನ್ನೂ ಸಂದೇಶವನ್ನೂ ಮಾತ್ರ ಹುಡುಕುವ ಈ ರೋಗ ಪೋಲೆಂಡಿನದು ಮಾತ್ರವಲ್ಲ. ನಮ್ಮಲ್ಲೂ ಸಿನಿಮಾ ಮುಗಿಯುವ ಮೊದಲೇ ‘ಏನು ಸಂದೇಶ?’ ಎಂದು ಮೈಕು ಹಿಡಿಯುತ್ತಾರೆ. ಹೆಂಗಸರು ಸೌದೆ, ಸಾರು, ಸಾಲದ ಬಗ್ಗೆ ಬರೆದಾಗ ಅದನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದವರೂ ನಾವೇ. ಅಕ್ಕಿ ಅಳೆಯುವ ಕೈಯಲ್ಲಿ ನೈತಿಕತೆ ಕಾಣದವರಿಗೆ ಅದು ಉದ್ಗಾರದಲ್ಲಿ ಮಾತ್ರ ಕಾಣುತ್ತದೆ. ಬ್ರೂನೋನನ್ನು ಬಿಟ್ಟು ಮುದುಕನನ್ನು ಹಿಡಿದುಕೊಂಡ ವಿಮರ್ಶಕರು ಈ ಅಭಿರುಚಿಯ ಮಕ್ಕಳೇ.

ಶಾಲೆಯ ಪಟ್ಟಿಯಿಂದ ಈ ಆಟವನ್ನು ಕಿತ್ತುಹಾಕಿ ಎನ್ನುವವನಲ್ಲ ನಾನು. ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಯುದ್ಧದ ಬಗ್ಗೆ ನಿಮಗೇನನ್ನಿಸಿತು ಎಂದು ಮಕ್ಕಳನ್ನು ಕೇಳಬೇಡಿ. ಮೂವರಲ್ಲಿ ಯಾರ ಊಟ ತಪ್ಪಿಸಿದಿರಿ, ಯಾವ ಲೆಕ್ಕದ ಮೇಲೆ ತಪ್ಪಿಸಿದಿರಿ ಎಂದು ಕೇಳಿ.