ಧೋತರದ ಮೇಲಿನ ಕೋಟು: ಹಿಂದಿನಿಂದ ನೋಡಿ

ಕೊಲ್ಹಾಪುರದ ಮದುವೆಗಳಲ್ಲಿ ಕೋಟು-ಧೋತರ ಮತ್ತೆ ಬಂತೆಂದು ಹಿಗ್ಗುವವರಿದ್ದಾರೆ. ಬಂದಿರುವುದೇನು? ಸೊಂಟಕ್ಕೆ ಇಲಾಸ್ಟಿಕ್ ಹೊಲಿದ ರೆಡಿಮೇಡ್ ಧೋತರ, ಪ್ಯಾಂಟಿಗೆಂದು ಕತ್ತರಿಸಿದ ಗಿಡ್ಡ ಕೋಟು, ತಲೆಗೊಂದು ಬಾಡಿಗೆಯ ಫೇಟಾ. ನೆರೆದವರು ಫೇಟಾದ ಬಣ್ಣಕ್ಕೆ ತಲೆದೂಗಿ, ಮುಂದೆ ನಿಂತು ಫೋಟೊ ಹೊಡೆದು ಊಟಕ್ಕೆ ಹೋಗುತ್ತಾರೆ. ಕೋಟಿನ ಬೆನ್ನನ್ನು ಒಬ್ಬರೂ ನೋಡುವುದಿಲ್ಲ. ನೋಡಬೇಕಾದದ್ದು ಅದನ್ನೇ.

ಕಚ್ಚೆ ಸಿಕ್ಕಿಸಿದಲ್ಲಿ, ಸೊಂಟದ ನಡುಮಧ್ಯೆ, ಬಟ್ಟೆ ಉಬ್ಬಿರುತ್ತದೆ. ಸೂಟಿನ ಕೋಟಿಗೆ ಆ ಉಬ್ಬಿನ ಅರಿವೇ ಇಲ್ಲ. ಸೊಂಟ ಸಣ್ಣಗೆ ಕಾಣಲೆಂದು ಅದನ್ನು ಅಲ್ಲಿಯೇ ಒಳಕ್ಕೆ ಹಿಡಿದು ಹೊಲಿದಿರುತ್ತಾರೆ. ಪರಿಣಾಮ, ಬೆನ್ನಿನ ಮೇಲೆ ಅಡ್ಡಡ್ಡ ಸುಕ್ಕು. ಹಿಂದೆ ನಡುವೆ ಒಂದೇ ಸೀಳಿದ್ದರಂತೂ ಅದು ಬಾಯಿ ಬಿಟ್ಟು ಕಚ್ಚೆಯನ್ನು ಊರಿಗೆಲ್ಲ ತೋರಿಸುತ್ತದೆ. ಬಲ್ಲ ದರ್ಜಿ ಮೊದಲು ಅಸ್ತರ ಬಿಚ್ಚುತ್ತಾನೆ. ಬೆನ್ನಿನ ನಡುಹೊಲಿಗೆಯನ್ನೂ ಪಕ್ಕದ ಎರಡು ಹೊಲಿಗೆಗಳನ್ನೂ ತೆಗೆದು, ಒಳಗೆ ಮಡಿಚಿಟ್ಟ ಬಟ್ಟೆಯನ್ನು ಸೊಂಟದ ಮಟ್ಟದಲ್ಲಿ ಮಾತ್ರ ಬಿಡುತ್ತಾನೆ. ಭುಜವನ್ನು ಮುಟ್ಟುವುದಿಲ್ಲ. ನಡುವಿನ ಸೀಳನ್ನು ಮುಚ್ಚಿ, ಎರಡೂ ಪಕ್ಕಗಳಲ್ಲಿ ಸೀಳು ತೆಗೆಯುತ್ತಾನೆ. ಆಗ ಬೆನ್ನಿನ ಬಟ್ಟೆ ಕಚ್ಚೆಯ ಮೇಲೆ ಒಂದೇ ಹಾಳೆಯಾಗಿ ಇಳಿಯುತ್ತದೆ. ಧೋತರದ ಚುಂಗು ಹಿಡಿಯಲು ಕೈ ಕೆಳಗೆ ಹೋದಾಗ ಕೋಟು ಮೇಲೆ ಜಗ್ಗುವುದಿಲ್ಲ.

ಹಳೆಯ ಉಣ್ಣೆ ಕೋಟಾದರೆ ಹತ್ತಿರ ಹೋಗಿ ಹೊಲಿಗೆಯ ಪಕ್ಕ ನೋಡಿ. ಇಷ್ಟು ವರ್ಷ ಬಿಸಿಲು ಕಾಣದೆ ಒಳಗೇ ಇದ್ದ ಬಟ್ಟೆ ಹೊರಬಂದು, ಸಣ್ಣ ಗೆರೆಯಾಗಿ ಒಂದು ಛಾಯೆ ಕಪ್ಪಾಗಿ ಕಾಣುತ್ತದೆ. ಅಜ್ಞಾನಿಗಳು ಅದನ್ನು ಕುಂದು ಎನ್ನುತ್ತಾರೆ. ನನಗೆ ಅದು ಆಭರಣ. ಈ ಕೋಟನ್ನು ಧೋತರಕ್ಕಾಗಿಯೇ ಬಿಚ್ಚಿ ಹೊಲಿದಿದ್ದಾರೆ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು. ರೆಡಿಮೇಡ್ ಕೋಟಿನಲ್ಲಿ ಹೀಗೆ ಬಿಡಲು ಒಳಗೆ ಸಾಕಷ್ಟು ಬಟ್ಟೆಯನ್ನು ಹೆಚ್ಚಾಗಿ ಉಳಿಸಿರುವುದಿಲ್ಲ. ಅಲ್ಲಿಗೆ ಆ ಕೋಟಿನ ಕಥೆ ಮುಗಿಯಿತು.

ನನ್ನ ಕಣ್ಣು ತೆರೆದದ್ದು ಗಡಹಿಂಗ್ಲಜದಲ್ಲಿ. ಒಂದು ಮಾತು ಕನ್ನಡ, ಒಂದು ಮಾತು ಮರಾಠಿಯ ಆ ಪೇಟೆಯಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರು ಗಾದಿಯ ಮೇಲೆ ಕೋಟು ತೊಟ್ಟೇ ಕೂರುತ್ತಿದ್ದರು. ಗಿರಾಕಿ ಬಂದರೆ ಒಮ್ಮೆಗೇ ಏಳುತ್ತಿದ್ದರು. ಎದ್ದವರು ಕೋಟನ್ನು ಕೆಳಕ್ಕೆ ಎಳೆದುಕೊಳ್ಳುತ್ತಿರಲಿಲ್ಲ, ಅದು ತಾನಾಗಿ ಇಳಿದು ನಿಲ್ಲುತ್ತಿತ್ತು. ಅಂದಿನಿಂದ ನಾನು ಕೋಟನ್ನು ನಿಂತವರ ಮೈಮೇಲೆ ಅಳೆಯುವುದಿಲ್ಲ, ಕೂತು ಎದ್ದವರ ಮೈಮೇಲೆ ಅಳೆಯುತ್ತೇನೆ. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಕುಸ್ತಿ ನೋಡಲು ಹೋದಾಗಲೂ ನನ್ನ ಕಣ್ಣು ಪೂರ್ತಿ ಅಖಾಡದ ಮೇಲಿರುತ್ತಿರಲಿಲ್ಲ. ಪಟ್ಟು ಬಿದ್ದೊಡನೆ ಮುಂದಿನ ಸಾಲಿನ ಹಿರಿಯರು ಧಡಕ್ಕನೆ ಏಳುತ್ತಿದ್ದರು. ಯಾರ ಬೆನ್ನು ಕೆಟ್ಟಿತು, ಯಾರದು ನಿಂತಿತು ಎಂದು ಆ ಒಂದು ಗಳಿಗೆಯಲ್ಲಿ ಗೊತ್ತಾಗುತ್ತಿತ್ತು.

ಸ್ಕಾಟ್ಲೆಂಡಿನವರಿಗೂ ತಮ್ಮ ಕಿಲ್ಟಿನ ಜೊತೆ ಇಂಥದೇ ತಕರಾರಿದೆ, ಆದರೆ ತಿರುವುಮುರುವು. ಅವರ ನೆರಿಗೆ ಹಿಂದೆ, ಮುಂದೆ ಸೊಂಟದಿಂದ ತೂಗುವ ತೊಗಲಿನ ಚೀಲ. ಆ ಚೀಲ ಮುಚ್ಚಬಾರದೆಂದು ಸಾದಾ ಕೋಟಿನ ಕೆಳಭಾಗ ಕತ್ತರಿಸಿ ಗಿಡ್ಡ ಮಾಡುತ್ತಾರೆ, ಮುಂದಿನ ಮೂಲೆಗಳನ್ನು ದುಂಡಗೆ ತೆಗೆಯುತ್ತಾರೆ, ಕಿಸೆಗಳನ್ನು ಮೇಲಕ್ಕೆ ಸರಿಸುತ್ತಾರೆ. ಅವರಿಂದ ನಾವು ಕಲಿಯಬೇಕಾದದ್ದು ದುಂಡು ಮೂಲೆಯೊಂದೇ. ಕೊನೆಯ ಗುಂಡಿ ಧೋತರದ ಮುಂದಿನ ನೆರಿಗೆ ಸಿಕ್ಕಿಸಿದ ಜಾಗಕ್ಕಿಂತ ತುಸು ಮೇಲಿದ್ದು, ಅಲ್ಲಿಂದ ಎರಡೂ ಅಂಚು ದೂರ ಸರಿದರೆ ನೆರಿಗೆ ಪೂರ್ತಿ ಬೀಳುವುದು ಕಾಣುತ್ತದೆ. ಗಿಡ್ಡ ಮಾತ್ರ ಮಾಡಬೇಡಿ. ಧೋತರದ ಕೋಟು ಕುಂಡೆ ಮುಚ್ಚಲೇಬೇಕು. ಹಾಗೆಂದು ಮೊಣಕಾಲಿನವರೆಗೂ ಬೇಡ. ರಾಧಾಕೃಷ್ಣನ್ ಅವರ ಉದ್ದ ಕೋಟು ಅವರ ಮೈಗೆ ಒಪ್ಪಿತ್ತು, ಆದರೆ ಅದು ಬೇರೆಯೇ ಹೊಲಿಗೆ, ಇಲ್ಲಿ ಅದರ ಮಾತು ಬೇಡ.

ಧೋತರ ಹತ್ತಿಯದೇ ಇರಲಿ. 1904ರಲ್ಲಿ ವಿಠ್ಠಲರಾವ್ ದಾತಾರ ಮೊದಲ ಪವರ್‌ಲೂಮ್ ಹಾಕಿದ ಇಚಲಕರಂಜಿ ಪಕ್ಕದಲ್ಲೇ ಇರುವಾಗ ಜಾರುವ ಪಾಲಿಯೆಸ್ಟರ್ ಉಡುವುದು ನಾಚಿಕೆಗೇಡು. ತೆಳು ಹತ್ತಿಯಾದರೆ ಕಚ್ಚೆಯ ಗಂಟೂ ಸಣ್ಣದು, ದರ್ಜಿಯ ಕೆಲಸವೂ ಹಗುರ. ಕಾಲಿಗೆ ಕೊಲ್ಹಾಪುರಿ ಚಪ್ಪಲಿ, ಬೂಟು ಬೇಡ. ಆ ಚಪ್ಪಲಿಯ ಭೌಗೋಳಿಕ ಗುರುತು 2019ರಿಂದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರದ ಕಸುಬುದಾರರಿಗೂ ಸೇರಿದೆ.

ಹೊಸದಾಗಿ ನೋಡಲು ಕಲಿಯುವವರು ಮದುವೆಯಲ್ಲಿ ಅಕ್ಷತೆ ಬಿದ್ದ ಮೇಲೆ ವೇದಿಕೆಯ ಹಿಂಬದಿಗೆ ಹೋಗಿ ನಿಲ್ಲಿ. ಪಂಕ್ತಿಗೆ ಕೂರುವವರನ್ನು, ಎದ್ದು ಕೈತೊಳೆಯಲು ಹೋಗುವವರನ್ನು ನೋಡಿ. ತೊಡುವ ಮನಸ್ಸಿದ್ದರೆ ಮನೆಯ ಟ್ರಂಕಿನಲ್ಲಿ ಅಜ್ಜನ ಕೋಟಿದೆಯೇ ಹುಡುಕಿ, ಇದ್ದರೆ ಈ ವಾರವೇ ದರ್ಜಿಯ ಕೈಗೆ ಕೊಡಿ. ಅಳತೆಗೆ ಹೋಗುವಾಗ ಪ್ಯಾಂಟು ಹಾಕಿಕೊಂಡು ಹೋಗಬೇಡಿ, ಕಚ್ಚೆ ಹಾಕಿ ಧೋತರ ಉಟ್ಟುಕೊಂಡೇ ಹೋಗಿ.