ಶೋಧದ ಪರದೆ ಮತ್ತು ಓದುಗನ ಪ್ರಶ್ನೆ

ಗ್ರಂಥಸಂಗ್ರಹಗಳಲ್ಲಿ ಬೇಕಾದುದನ್ನು ಹುಡುಕಿಕೊಡುವ ತಂತ್ರಾಂಶದ ಗುಣವನ್ನು ಅದು ಒದಗಿಸುವ ಫಲಿತಾಂಶಗಳಿಂದಲೇ ಅಳೆಯುವುದು ವಾಡಿಕೆಯಾಗಿದೆ. ಏನೂ ದೊರೆಯದಿದ್ದಾಗ ಅದರ ಪರದೆ ಓದುಗನಿಗೆ ಏನು ಹೇಳುತ್ತದೆಂಬುದೂ ಅಷ್ಟೇ ಮುಖ್ಯವಾದ ಒರೆಗಲ್ಲೆಂದು ನಾವು ಭಾವಿಸುತ್ತೇವೆ.

ಪರದೆಯ ರಚನೆಯನ್ನು ಕುರಿತು ಬೆನ್ ಷ್ನೈಡರ್‌ಮನ್ನರು 1996ರಲ್ಲಿ ಮಂಡಿಸಿದ ಸೂತ್ರವು ಸುಪ್ರಸಿದ್ಧವಾದುದು: ಮೊದಲು ಸಂಗ್ರಹದ ಸಮಗ್ರ ನೋಟ, ಬಳಿಕ ಬೇಕಾದ ಭಾಗವನ್ನು ಹಿಗ್ಗಿಸಿ ಬೇಡದುದನ್ನು ಸೋಸುವುದು, ಕಡೆಗೆ ಕೇಳಿದಾಗ ವಿವರ. ಇದರ ಉಪಯುಕ್ತತೆ ನಿರ್ವಿವಾದವಾದುದು. ಆದರೆ ಓದುಗನ ಪ್ರಶ್ನೆ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರುವುದಿಲ್ಲ. ಮಾರ್ಸಿಯ ಬೇಟ್ಸರು 1989ರಲ್ಲಿಯೇ ಇದನ್ನು ಎತ್ತಿ ತೋರಿಸಿ, ಶೋಧಿಸುವವನನ್ನು ಪೊದೆಯಿಂದ ಪೊದೆಗೆ ನಡೆದು ಹಣ್ಣನ್ನು ಆಯುವವನಿಗೆ ಹೋಲಿಸಿದರು. ದೊರೆತ ಒಂದೊಂದು ಬರಹವೂ ಪ್ರಶ್ನೆಯನ್ನೇ ತಿದ್ದಬಲ್ಲುದು.

ಪ್ರಶ್ನೆಯನ್ನು ತಿದ್ದಿಕೊಳ್ಳಬೇಕಾದರೆ ಉತ್ತರ ಬಂದ ಕಾರಣ ತಿಳಿದಿರಬೇಕಷ್ಟೆ. ಮಾರ್ಟಿ ಹರ್ಸ್ಟರು 1995ರಲ್ಲಿ ರೂಪಿಸಿದ 'ಟೈಲ್‌ಬಾರ್ಸ್' ಈ ದಿಕ್ಕಿನಲ್ಲಿ ಒಂದು ಶ್ಲಾಘ್ಯವಾದ ಪ್ರಯತ್ನ. ಅದರಲ್ಲಿ ಪ್ರತಿಯೊಂದು ಬರಹವೂ ಒಂದು ಪಟ್ಟಿಯಾಗಿ ಕಾಣುತ್ತದೆ. ಕೇಳಿದ ಪದಗಳು ಬರಹದ ಯಾವ ಭಾಗದಲ್ಲಿ ಎಷ್ಟು ದಟ್ಟವಾಗಿವೆಯೆಂಬುದನ್ನು ಮನೆಗಳ ಕಪ್ಪಿನ ಗಾಢತೆ ಸೂಚಿಸುತ್ತದೆ. ಆದರೂ ಇದು ದೊರೆತುದರ ಲೆಕ್ಕವನ್ನು ಮಾತ್ರ ಒಪ್ಪಿಸುತ್ತದೆ. ದೊರೆಯದೆ ಹೋದುದರ ವಿಷಯದಲ್ಲಿ ಮೌನವಾಗಿರುತ್ತದೆ.

ಈ ಮೌನ ಕನ್ನಡಕ್ಕೆ ವಿಶೇಷವಾಗಿ ಹಾನಿಕರವಾದುದು. 'ಮರ' ಎಂದು ಕೇಳಿದಾಗ ಯಂತ್ರವು ಇಡಿಯ ಪದವನ್ನೇ ಹೋಲಿಸಿ ನೋಡಿದರೆ 'ಮರದಲ್ಲಿ', 'ಮರವನ್ನು' ಎಂಬ ರೂಪಗಳು ತಪ್ಪಿಹೋಗುವುವು. ಮೊದಲಿನ ಅಕ್ಷರಗಳನ್ನು ಮಾತ್ರ ಹೋಲಿಸಿದರೆ 'ಮರಣ', 'ಮರಳು' ಎಂಬುವೂ ಬಂದು ಸೇರುವುವು. ಇವೆರಡರಲ್ಲಿ ಯಾವ ಮಾರ್ಗವನ್ನು ಹಿಡಿದೆನೆಂದು ಹೇಳದೆ 'ಫಲಿತಾಂಶವಿಲ್ಲ' ಎಂದಷ್ಟೇ ಸಾರುವ ಪರದೆಯನ್ನು ನಂಬಿದ ವಿದ್ಯಾರ್ಥಿಯು, ಆ ಶಬ್ದ ಕವಿಯಲ್ಲಿಯೇ ಇಲ್ಲವೆಂದು ತನ್ನ ಪ್ರಬಂಧದಲ್ಲಿ ಬರೆದಾನು. ಯಂತ್ರದ ಕೊರತೆ ಹೀಗೆ ಕವಿಯ ಕೊರತೆಯಾಗಿ ದಾಖಲಾಗುತ್ತದೆ.

ಒಳ್ಳೆಯ ಗ್ರಂಥಪಾಲಕನು ಪುಸ್ತಕ ಸಿಗದಿದ್ದಾಗ, ತಾನು ಯಾವ ಕಪಾಟುಗಳನ್ನು ನೋಡಿದೆನೆಂದು ತಿಳಿಸಿ, ಇನ್ನೆಲ್ಲಿ ನೋಡಬಹುದೆಂದೂ ಸೂಚಿಸುತ್ತಾನೆ. ಪರದೆಯೂ ಇಷ್ಟನ್ನು ಮಾಡತಕ್ಕದ್ದು: ಯಾವ ಸಂಗ್ರಹವನ್ನು, ಪದದ ಯಾವ ರೂಪಗಳಲ್ಲಿ ಹುಡುಕಿತೆಂಬುದನ್ನು ಫಲಿತಾಂಶದ ಪಕ್ಕದಲ್ಲಿಯೇ ತಿಳಿಸಿ, ಅದನ್ನು ಬದಲಾಯಿಸುವ ಅವಕಾಶವನ್ನೂ ಅಲ್ಲಿಯೇ ಕೊಡಬೇಕು. ಇಷ್ಟಾದರೆ ಪರದೆ ಸ್ವಲ್ಪ ಕಿಕ್ಕಿರಿದು ಕಂಡರೂ ನಮಗೆ ನಷ್ಟವಿಲ್ಲ.